ಬೀರುವಿನ ಬೀಗ ಮತ್ತು ಎರಡು ಆಟದ ಪೆಟ್ಟಿಗೆಗಳು

ಮೊನ್ನೆ ಅಟ್ಟದ ಮೇಲಿನ ಹಳೆಯ ಕಾಗದಪತ್ರಗಳನ್ನು ಇಳಿಸಿ ನೋಡುತ್ತಿದ್ದಾಗ ನನ್ನದೊಂದು ಪಾಠಟಿಪ್ಪಣಿ ಪುಸ್ತಕ ಕೈಗೆ ಸಿಕ್ಕಿತು. ಮುಂದಿನ ಪುಟಗಳಲ್ಲಿ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ. ಹಿಂದಿನಿಂದ ತೆರೆದರೆ ನನ್ನ ಮಗನ ಅಕ್ಷರದಲ್ಲಿ ಒಂದು ಕೋಷ್ಟಕ. ಎಡಗಡೆ ‘ಪ್ಲೇಸ್ಟೇಷನ್ 4’, ಬಲಗಡೆ ‘ಎಕ್ಸ್‌ಬಾಕ್ಸ್ ಒನ್’. ಕೆಳಗೆ ಆಟಗಳ ಹೆಸರುಗಳು, ಬೆಲೆಗಳು, ಹೊಡೆದುಹಾಕಿದ ಸಾಲುಗಳು. ಮೇಲ್ತುದಿಯಲ್ಲಿ 2013ರ ಜೂನ್ ಎಂದು ದಿನಾಂಕ. ಸಾಮಾನ್ಯವಾಗಿ ಇಲ್ಲಿ ಶಾಲೆಯ ನೆನಪುಗಳನ್ನೇ ಓದುವ ನೀವು, ‘ಮೇಡಂಗೆ ಈ ವಯಸ್ಸಿನಲ್ಲಿ ವಿಡಿಯೋ ಗೇಮಿನ ಗೀಳು ಹಿಡಿಯಿತೇ’ ಎಂದು ನಗಬಹುದು. ನಗಿ, ಅಡ್ಡಿಯಿಲ್ಲ. ಇದೂ ಶಾಲೆಯ ನೆನಪೇ. ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ.

ಆಗ ಮಗ ಪಿಯುಸಿ ಮುಗಿಸಿ ಸಿಇಟಿ ಸೀಟಿಗಾಗಿ ಕಾಯುತ್ತಿದ್ದ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನೂ ಅವನ ವಾರಿಗೆಯವನೇ. ಹಾಸನದ ನಮ್ಮ ಮನೆಗೆ ಬಂದರೆ ವಾರಗಟ್ಟಲೆ ಇರುತ್ತಿದ್ದ. ಒಳ್ಳೆಯ ಅಂಕ ಬಂದರೆ ಆಟದ ಯಂತ್ರಕ್ಕೆ ಅರ್ಧ ಹಣ ಕೊಡುವೆನೆಂದು ನಾನು ಮಾತುಕೊಟ್ಟಿದ್ದೆ. ಅಂಕವೇನೋ ಬಂದಿತ್ತು, ಯಂತ್ರ ಮಾತ್ರ ಇನ್ನೂ ಹುಟ್ಟಿರಲಿಲ್ಲ! ಸೋನಿ ಕಂಪನಿ ತನ್ನ ಹೊಸ ಪ್ಲೇಸ್ಟೇಷನ್ನನ್ನು ಆ ವರ್ಷದ ಫೆಬ್ರವರಿಯಲ್ಲಿಯೂ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ನನ್ನು ಮೇ ತಿಂಗಳಿನಲ್ಲಿಯೂ ಘೋಷಿಸಿದ್ದವು. ಎರಡೂ ವರ್ಷದ ಕೊನೆಗೆ ಬರಲಿದ್ದವು. ಬಾರದ ವಸ್ತುಗಳೆರಡರ ಗುಣದೋಷಗಳನ್ನು ಹುಡುಗರಿಬ್ಬರೂ ನಮ್ಮ ಜಗಲಿಯ ಮೇಲೆ ಕುಳಿತು ಹಗಲಿರುಳು ತೂಗುತ್ತಿದ್ದರು. ಇಬ್ಬರೂ ಒಂದೇ ಜಾತಿಯ ಯಂತ್ರವನ್ನು ಕೊಳ್ಳುವುದು, ಒಬ್ಬನು ಕೊಂಡ ಆಟವನ್ನು ಇನ್ನೊಬ್ಬನು ಕೊಳ್ಳದಿರುವುದು, ಡಿಸ್ಕುಗಳನ್ನು ಬದಲಾಯಿಸಿಕೊಳ್ಳುವುದು – ಇದು ಅವರ ಒಪ್ಪಂದ. ಒಂದೊಂದು ಆಟಕ್ಕೂ ಸಾವಿರಗಳ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದುದರಿಂದ ಇದು ಜಾಣ ಲೆಕ್ಕಾಚಾರವೇ ಆಗಿತ್ತು.

ಕೋಷ್ಟಕದ ಮೊದಲ ಸಾಲುಗಳು ಯಂತ್ರದ ಒಡಲಿಗೆ ಸಂಬಂಧಿಸಿದವು. ಅಲ್ಲಿ ಹೆಚ್ಚು ಜಗಳವಿರಲಿಲ್ಲ. ಎರಡರ ಮಿದುಳನ್ನೂ ರೂಪಿಸಿದ್ದು ಎಎಂಡಿ ಎಂಬ ಒಂದೇ ಕಂಪನಿ. ಎರಡಕ್ಕೂ ಎಂಟು ಜಿಬಿ ಸ್ಮೃತಿ. ಪ್ಲೇಸ್ಟೇಷನ್ನಿನ ಸ್ಮೃತಿ ಹೆಚ್ಚು ವೇಗದ್ದು, ಚಿತ್ರ ಮೂಡಿಸುವ ಶಕ್ತಿಯೂ ತುಸು ಹೆಚ್ಚು. ಎಕ್ಸ್‌ಬಾಕ್ಸಿನ ಜೊತೆಗೆ ಕೈಸನ್ನೆಯನ್ನೂ ಮಾತನ್ನೂ ಗ್ರಹಿಸುವ ಕಿನೆಕ್ಟ್ ಎಂಬ ಕ್ಯಾಮೆರಾವನ್ನು ಕಡ್ಡಾಯವಾಗಿ ಕೊಳ್ಳಬೇಕಿತ್ತು. ಒಂದೇ ಮುದ್ರಣಾಲಯದ ಎರಡು ಪಠ್ಯಪುಸ್ತಕಗಳಂತೆ ಕಾಣುತ್ತವೆ ಎಂದು ನಾನು ಹೇಳಿದ್ದಕ್ಕೆ ಇಬ್ಬರೂ ನನ್ನನ್ನು ಕರುಣೆಯಿಂದ ನೋಡಿದರು.

ನಿಜವಾದ ವಾಗ್ವಾದ ಆಟಗಳದ್ದು. ಸೋನಿಯ ಪಟ್ಟಿಯಲ್ಲಿ ಕಿಲ್‌ಝೋನ್, ನ್ಯಾಕ್, ಡ್ರೈವ್‌ಕ್ಲಬ್. ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಫೋರ್ಜಾ 5, ಡೆಡ್ ರೈಸಿಂಗ್ 3, ರೋಮನ್ ಸೈನಿಕನೊಬ್ಬನ ಕಥೆಯಾದ ರೈಸ್. ಈ ರೈಸ್ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳದಿದ್ದರೂ ಈಗ ಹೇಳಿಬಿಡುತ್ತೇನೆ. ಮುಂದೆ ಅದು ಬಂದಾಗ ತಿಳಿದದ್ದೇನೆಂದರೆ, ಆ ಕಥೆಯಲ್ಲಿ ಕಮೋಡಸ್ ನೀರೋ ಚಕ್ರವರ್ತಿಯ ಮಗನಂತೆ! ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ, ಕಮೋಡಸ್ ಅದಾಗಿ ನೂರು ವರ್ಷ ಕಳೆದ ಮೇಲೆ ಆಳಿದವನು. ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಮಸಿ ಖಾಲಿಯಾಗುತ್ತಿತ್ತು. ಇರಲಿ. ಹುಡುಗರ ಪಟ್ಟಿಯಲ್ಲಿ ನನ್ನ ಗಮನಕ್ಕೆ ಬಂದ ಸಂಗತಿ ಬೇರೆ. ಫಿಫಾ 14, ಅಸ್ಯಾಸಿನ್ಸ್ ಕ್ರೀಡ್ 4, ಕಾಲ್ ಆಫ್ ಡ್ಯೂಟಿ, ಬ್ಯಾಟಲ್‌ಫೀಲ್ಡ್ – ಅವರು ಮೋಹಗೊಂಡಿದ್ದ ಆಟಗಳಲ್ಲಿ ಬಹುಪಾಲು ಎರಡೂ ಕಡೆ ಬರುವಂಥವೇ ಆಗಿದ್ದವು. ಒಂದೇ ಕಡೆ ಬರುವ ಬೆರಳೆಣಿಕೆಯ ಆಟಗಳಿಗಾಗಿ ಅಷ್ಟು ಕದನ. ಅವುಗಳಲ್ಲಿಯೂ ಮಗ ಎರಡು ಗೆರೆ ಎಳೆದು ಮೆಚ್ಚಿದ್ದ ಡ್ರೈವ್‌ಕ್ಲಬ್ ಯಂತ್ರದೊಡನೆ ಬರಲೇ ಇಲ್ಲ. 2014ರ ಅಕ್ಟೋಬರಿನವರೆಗೆ ಕಾಯಿಸಿತು.

ಇಷ್ಟರಲ್ಲಿ ಜೂನ್ ಮೊದಲ ವಾರ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಪ್ರಕಟಿಸಿತು. ಆಟ ಡಿಸ್ಕಿನಲ್ಲಿ ಬಂದರೂ ಒಮ್ಮೆ ಯಂತ್ರಕ್ಕೆ ಇಳಿಸಿಕೊಂಡ ಮೇಲೆ ಅದು ಕೊಂಡವನ ಖಾತೆಗೆ ಕಟ್ಟುಬೀಳುತ್ತದೆ. ಗೆಳೆಯನಿಗೆ ಎರವಲು ಕೊಡುವ ಅನುಕೂಲ ಆರಂಭದಲ್ಲಿ ಇರುವುದಿಲ್ಲ. ಶಾಶ್ವತವಾಗಿ ಕೊಟ್ಟುಬಿಡಬೇಕೆಂದರೆ ಪಡೆಯುವವನು ಮೂವತ್ತು ದಿನಗಳಿಂದ ನಿಮ್ಮ ಗೆಳೆಯರ ಪಟ್ಟಿಯಲ್ಲಿರಬೇಕು. ಅದೂ ಒಂದು ಆಟವನ್ನು ಒಂದೇ ಬಾರಿ. ಅದಕ್ಕೂ ಆಟದ ಪ್ರಕಾಶಕರ ಒಪ್ಪಿಗೆ ಬೇಕು. ಯಂತ್ರವು ಇಪ್ಪತ್ತನಾಲ್ಕು ಗಂಟೆಗಳಿಗೊಮ್ಮೆ ಇಂಟರ್‌ನೆಟ್ ಮೂಲಕ ಹಾಜರಿ ಹಾಕಬೇಕು, ಇಲ್ಲವಾದರೆ ಆಟ ನಿಲ್ಲುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು: ಹತ್ತು ಮಂದಿಯ ಕುಟುಂಬವು ಒಬ್ಬನ ಆಟಗಳ ಭಂಡಾರವನ್ನು ಎಲ್ಲಿಂದಲಾದರೂ ಹಂಚಿಕೊಳ್ಳಬಹುದು ಎಂದಿದ್ದರು. ಆದರೆ ಅದು ಯಾರ ಕಿವಿಗೂ ಬೀಳಲಿಲ್ಲ. ಮಳೆ ಹಿಡಿದರೆ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಎರಡು ಮೂರು ದಿನ ಮಲಗುತ್ತಿದ್ದ ಕಾಲವದು. ದಿನಕ್ಕೊಮ್ಮೆ ಹಾಜರಿ ಎಲ್ಲಿಂದ ತರುವುದು?

ಮಗ ಆ ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು ಕಂಪನಿಯನ್ನು ಬಯ್ಯುತ್ತಿದ್ದ. ನಾನು ಸಾರು ಬಡಿಸುತ್ತಾ ಕಂಪನಿಯ ಪಕ್ಷ ವಹಿಸಿದೆ. “ಅವರದ್ದು ತಪ್ಪೇನಿದೆಯೋ? ಎರವಲು ಕೊಟ್ಟದ್ದು ವಾಪಸ್ ಬರುತ್ತೆ ಅಂತ ಯಾವ ಗ್ಯಾರಂಟಿ? ಕೈಯಿಂದ ಕೈಗೆ ಹೋದರೆ ಹಾಳಾಗುತ್ತೆ, ಕಳೆದುಹೋಗುತ್ತೆ. ಮಾಡಿದವನಿಗೆ ಅದರ ಹೊಟ್ಟೆ ಉರಿ ಇರಲ್ವಾ?” ಎಂದೆ. ಅವನು ತಲೆಯೆತ್ತಿ ನೋಡಿ, “ಅಮ್ಮ, ನಿನ್ನ ಬೀರುನೂ ಎಕ್ಸ್‌ಬಾಕ್ಸ್ ಒನ್ನೇ ಬಿಡು” ಎಂದ. ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಅವನಿಗೆ ಬೀರುವಿನ ಕಥೆ ಗೊತ್ತಿರಲಿಲ್ಲ, ಆದರೂ ನಕ್ಕ.

ನಿಮಗೆ ಗೊತ್ತಿದೆ. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರುಗಳು. ಉಸ್ತುವಾರಿ ನನ್ನದು, ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ. ಲೆಕ್ಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೂ ಅದರ ಬೆಲೆಯನ್ನು ಉಸ್ತುವಾರಿಯವರೇ ಕಟ್ಟಬೇಕೆಂದು ಹಿಂದಿನವರು ನನ್ನನ್ನು ಹೆದರಿಸಿಯೇ ಅಧಿಕಾರ ಹಸ್ತಾಂತರಿಸಿದ್ದರು. ಹೀಗಾಗಿ ಶನಿವಾರದ ಕೊನೆಯ ಅವಧಿಯಲ್ಲಿ ಪುಸ್ತಕಗಳನ್ನು ಹಂಚಿ, ಗಂಟೆ ಹೊಡೆಯುವ ಮೊದಲೇ ಎಣಿಸಿ ಒಳಗಿಡುತ್ತಿದ್ದೆ. ಮನೆಗೆ ಕೊಡುತ್ತಿರಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಒಂದು ಸಂಖ್ಯೆಯೂ ತಪ್ಪಿರಲಿಲ್ಲ. ಅದಕ್ಕಾಗಿ ತಪಾಸಣೆಗೆ ಬಂದವರು ಮೆಚ್ಚುಗೆಯನ್ನೂ ಬರೆದಿದ್ದರು.

ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಒಂದು ಸಂಪುಟವನ್ನು ಹಿಡಿದುಕೊಂಡು ಬಂದು, “ಸೋಮವಾರ ತಂದುಕೊಡ್ತೀನಿ ಮಿಸ್” ಎಂದು ಕೇಳಿದ್ದಳು. ಮೂರು ಸಂಪುಟಗಳ ಸೆಟ್ಟು, ಒಂದು ಹೋದರೆ ಮೂರೂ ಹೋದಂತೆ ಎಂದು ಹೇಳಿ ಅವಳ ಕೈಯಿಂದ ತೆಗೆದಿಟ್ಟುಕೊಂಡೆ. ಮುಂದಿನ ಶನಿವಾರ ಕೇಳಿದಳು. ಅದರ ಮುಂದಿನ ಶನಿವಾರವೂ ಕೇಳಿದಳು. ಆಮೇಲೆ ಕೇಳಲಿಲ್ಲ. ಇದು 2013ಕ್ಕಿಂತ ಬಹಳ ಹಿಂದಿನ ಮಾತು. ಆದರೆ ಮಗನ ಮಾತು ಕೇಳಿದ ಆ ರಾತ್ರಿ ನನಗೆ ನೆನಪಾದದ್ದು ಅವಳ ಕೈ. ಪುಸ್ತಕದ ಬೆನ್ನನ್ನು ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ್ದಳು.

ಯುರೋಪಿನಲ್ಲಿ ಮಧ್ಯಯುಗದ ಗ್ರಂಥಗಳಿಗೆ ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರೆಂದು ನಾನೇ ಪಾಠ ಮಾಡಿದ್ದೆ. ಇಂಗ್ಲೆಂಡಿನ ಹೆರಫರ್ಡ್ ಇಗರ್ಜಿಯಲ್ಲಿ ಅಂಥ ಸರಪಳಿಗಳು ಇಂದಿಗೂ ಇವೆ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಬರೆದ ಎಸ್. ಆರ್. ರಂಗನಾಥನ್ ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ಬಿ.ಎಡ್. ಓದುವಾಗ ಅವರ ಹೆಸರನ್ನು ಬಾಯಿಪಾಠ ಮಾಡಿ ಅಂಕವನ್ನೂ ಗಿಟ್ಟಿಸಿದ್ದೆ.

ಜೂನ್ 10ರಂದು ಲಾಸ್ ಏಂಜಲೀಸಿನ ಇ3 ಮೇಳದಲ್ಲಿ ಎರಡೂ ಕಂಪನಿಗಳ ಪ್ರದರ್ಶನವಿತ್ತು. ಮೈಕ್ರೋಸಾಫ್ಟಿನದು ನಮಗೆ ರಾತ್ರಿ ಹತ್ತಕ್ಕೆ. ಆಟಗಳನ್ನೇನೋ ಚೆನ್ನಾಗಿ ತೋರಿಸಿದರು, ಬೆಲೆ 499 ಡಾಲರ್ ಎಂದರು. ಸೋನಿಯದು ಮರುದಿನ ಬೆಳಿಗ್ಗೆ ಆರೂವರೆಗೆ. ನಾನು ಒಲೆಯ ಮೇಲೆ ಹಾಲಿಟ್ಟು ಹುಡುಗರ ಹಿಂದೆ ನಿಂತು ನೋಡಿದೆ. ವೇದಿಕೆಯ ಮೇಲಿದ್ದ ಜಾಕ್ ಟ್ರೆಟನ್ ಎಂಬಾತ, ಕೊಂಡ ಡಿಸ್ಕನ್ನು ಮಾರಬಹುದು, ಗೆಳೆಯನಿಗೆ ಕೊಡಬಹುದು, ಶಾಶ್ವತವಾಗಿ ಇಟ್ಟುಕೊಳ್ಳಬಹುದು ಎಂಬರ್ಥದ ಮಾತುಗಳನ್ನು ಹೇಳುತ್ತಿದ್ದಂತೆ ಸಭೆ ಎದ್ದು ಕೂಗಿತು. ಹೊಸ ಸಂಗತಿಯೇನನ್ನೂ ಅವನು ಹೇಳಿರಲಿಲ್ಲ! ಹಿಂದಿನಿಂದಲೂ ಇದ್ದದ್ದನ್ನು ಹಾಗೆಯೇ ಬಿಡುತ್ತೇವೆಂದದ್ದಕ್ಕೆ ಅಷ್ಟು ಚಪ್ಪಾಳೆ. ಬೆಲೆ 399 ಡಾಲರ್. ಹಾಲು ಉಕ್ಕಿತು, ಯಾರೂ ನೋಡಲಿಲ್ಲ. ಜೊತೆಗೇ ಸೋನಿ ಒಂದು ಪುಟ್ಟ ಚಿತ್ರವನ್ನೂ ಬಿಡುಗಡೆ ಮಾಡಿತು. ಆಟವನ್ನು ಹಂಚಿಕೊಳ್ಳುವ ವಿಧಾನವೇನೆಂದರೆ, ಶುಹೇ ಯೋಶಿದಾ ಎಂಬ ಅಧಿಕಾರಿ ಡಿಸ್ಕಿನ ಡಬ್ಬಿಯನ್ನು ಪಕ್ಕದವನ ಕೈಗೆ ಕೊಡುತ್ತಾನೆ, ಅವನು ತೆಗೆದುಕೊಳ್ಳುತ್ತಾನೆ. ಅರ್ಧ ನಿಮಿಷವೂ ಇಲ್ಲ. ಮಗ ಅದನ್ನು ನನಗೆ ಎರಡು ಸಲ ತೋರಿಸಿದ. ಅದೇ ಪ್ರದರ್ಶನದಲ್ಲಿ, ಇಂಟರ್‌ನೆಟ್ಟಿನಲ್ಲಿ ಇತರರೊಡನೆ ಆಡಲು ಇನ್ನು ಮುಂದೆ ಚಂದಾ ಕಟ್ಟಬೇಕೆಂಬುದನ್ನು ಮೆಲ್ಲಗೆ ಸೇರಿಸಿದ್ದರು. ಚಪ್ಪಾಳೆಯ ಸದ್ದಿನಲ್ಲಿ ಅದು ಮುಳುಗಿಹೋಯಿತು.

ಇಂಟರ್‌ನೆಟ್ ಇಲ್ಲದವರ ಗತಿಯೇನೆಂದು ಕೇಳಿದಾಗ ಎಕ್ಸ್‌ಬಾಕ್ಸಿನ ಮುಖ್ಯಸ್ಥರಾಗಿದ್ದ ಡಾನ್ ಮ್ಯಾಟ್ರಿಕ್, ಅಂಥವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದ ಉತ್ತರ ಕೊಟ್ಟರು. ಮನೆಗೆ ಪುಸ್ತಕ ಕೇಳಿದವರಿಗೆ, ಪಠ್ಯಪುಸ್ತಕ ಇದೆಯಲ್ಲ ಎಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಜೂನ್ 19ರಂದು ಮೈಕ್ರೋಸಾಫ್ಟ್ ಮಣಿಯಿತು. ದಿನದ ಹಾಜರಿಯೂ ಹೋಯಿತು, ಎರವಲಿನ ನಿರ್ಬಂಧವೂ ಹೋಯಿತು, ಹತ್ತು ಮಂದಿಯ ಕುಟುಂಬದ ಸೌಲಭ್ಯವೂ ಹೋಯಿತು. ನಾನು ಮಣಿಯಲು ಇನ್ನೂ ಎರಡು ವಾರ ಬೇಕಾಯಿತು. ಜುಲೈ ಮೊದಲ ಶನಿವಾರ ಗಂಟೆ ಹೊಡೆದ ಮೇಲೂ ಬೀರು ತೆರೆದೇ ಇತ್ತು.

ಪ್ಲೇಸ್ಟೇಷನ್ 4 ಭಾರತಕ್ಕೆ ಬಂದದ್ದು 2014ರ ಜನವರಿ 6ರಂದು, ಬೆಲೆ 39,990 ರೂಪಾಯಿ. ಎಕ್ಸ್‌ಬಾಕ್ಸ್ ಒನ್ ಸೆಪ್ಟೆಂಬರಿನಲ್ಲಿ ಬಂದಿತು. ಅಷ್ಟು ಹೊತ್ತಿಗೆ ಎರಡು ಮನೆಗಳಲ್ಲಿಯೂ ತೀರ್ಮಾನವಾಗಿ ಹೋಗಿತ್ತು. ನನ್ನ ಬಳಿಯಿದ್ದ ಬಳಸದ ಒಂದು ಎರವಲು ವಹಿಯನ್ನು ಹುಡುಗರಿಗೆ ಕೊಟ್ಟೆ: ಕೊಟ್ಟ ದಿನಾಂಕ, ಹಿಂದಿರುಗಿಸಿದ ದಿನಾಂಕ, ಸಹಿ. ತಮಾಷೆಗೆಂದು ಶುರುಮಾಡಿದವರು ಮುಂದೆ ಶ್ರದ್ಧೆಯಿಂದಲೇ ಬರೆದರು. ಹಾಸನದಿಂದ ಮೈಸೂರಿಗೆ ಹೋಗುವ ನೆಂಟರ ಚೀಲಗಳಲ್ಲಿ ಹಪ್ಪಳ ಸಂಡಿಗೆಗಳ ನಡುವೆ ಡಿಸ್ಕುಗಳು ಪಯಣಿಸಿದವು.

ಶಾಲೆಯ ಲೆಕ್ಕವನ್ನೂ ಹೇಳಿಬಿಡಬೇಕು. 2018ರಲ್ಲಿ ನಿವೃತ್ತಳಾಗುವ ಹೊತ್ತಿಗೆ ಮೂವತ್ತೊಂದು ಪುಸ್ತಕಗಳು ಕಡಿಮೆ ಬಂದವು. ಹಣ ಕಟ್ಟಿದೆ. ಹೆದರಿದ್ದಷ್ಟು ದೊಡ್ಡ ಮೊತ್ತವಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು. ‘ಬಾಲಪ್ರಪಂಚ’ದ ಮೂರೂ ಸಂಪುಟಗಳು ಸುರಕ್ಷಿತವಾಗಿದ್ದವು.

ಈಗ ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಬಳಿ ಇರುವುದು ಡಿಸ್ಕಿನ ಬಾಯಿಯೇ ಇಲ್ಲದ ಪ್ಲೇಸ್ಟೇಷನ್ 5. ಆಟಗಳೆಲ್ಲ ಖಾತೆಯಲ್ಲಿವೆ. 2013ರಲ್ಲಿ ಜನ ಕೂಗಾಡಿ ತಳ್ಳಿದ್ದನ್ನೇ ಇಂದು ಅವರು ಸದ್ದಿಲ್ಲದೆ ಕೊಂಡುಕೊಂಡಿದ್ದಾರಲ್ಲ ಎಂದರೆ, “ಅನುಕೂಲ ಅಮ್ಮ, ಎದ್ದು ಡಿಸ್ಕ್ ಹಾಕೋದು ಬೇಡ” ಎನ್ನುತ್ತಾನೆ. ಹಣ ಕೊಟ್ಟು ಕೊಂಡಿದ್ದ ‘ದಿ ಕ್ರೂ’ ಎಂಬ ಕಾರಿನ ಆಟವನ್ನು ಅದರ ಪ್ರಕಾಶಕರು 2024ರಲ್ಲಿ ಸರ್ವರ್ ನಿಲ್ಲಿಸಿ ಯಾರೂ ಆಡದಂತೆ ಮಾಡಿದರೆಂದು ಹೇಳಿದವನೂ ಅವನೇ. ಪರವಾನಗಿಯನ್ನಷ್ಟೇ ಕೊಡುವಾಗ ‘ಕೊಳ್ಳಿ’ ಎಂದು ಸುಮ್ಮನೆ ಬರೆಯುವಂತಿಲ್ಲವೆಂದು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಬಂದಿದೆ.

ಪಾಠಟಿಪ್ಪಣಿಯ ಜೊತೆಯಲ್ಲಿಯೇ ಆ ಎರವಲು ವಹಿಯೂ ಸಿಕ್ಕಿತು. ಕೊನೆಯ ನಮೂದು 2017ರ ದೀಪಾವಳಿಯದು: ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಅದು ಪ್ಲೇಸ್ಟೇಷನ್ನಿಗೆ ಮಾತ್ರ ಬಂದಿದ್ದ ಆಟ. ಕಥೆ ನಡೆಯುವುದು ನಮ್ಮ ಪಶ್ಚಿಮಘಟ್ಟದಲ್ಲಿ. ಹೊಯ್ಸಳರ ಗುಪ್ತನಿಧಿಯ ಹುಡುಕಾಟ, ಬೇಲೂರು ಹಳೇಬೀಡುಗಳ ಹೆಸರುಗಳು! ನಮ್ಮ ಜಿಲ್ಲೆಯ ಆಟವೆಂದು ಮಗ ನನ್ನನ್ನು ಕೂರಿಸಿ ತೋರಿಸಿದ್ದ. ಬೆಟ್ಟದೆತ್ತರದ ವಿಗ್ರಹಗಳು, ಜಲಪಾತಗಳು, ಜೀಪು. ಬಳಪದ ಕಲ್ಲಿನಲ್ಲಿ ಬೆರಳಗಲದ ಬಳ್ಳಿ ಕೊರೆದವರನ್ನು ಹೀಗೆ ದೈತ್ಯರನ್ನಾಗಿ ಮಾಡಿದ್ದಾರಲ್ಲ ಎಂದು ನನಗನ್ನಿಸಿತು. ಹೊಯ್ಸಳರ ಕಾಲದಲ್ಲಿ ಆ ಊರು ದೋರಸಮುದ್ರ, ಪಾಳುಬಿದ್ದ ಮೇಲಷ್ಟೇ ಅದು ‘ಹಳೆಯ ಬೀಡು’ ಆದದ್ದು ಎಂದೂ ಹೇಳಿದೆ. “ಅಮ್ಮ, ಸುಮ್ನೆ ನೋಡು” ಎಂದ. ನೋಡಿದೆ; ಚೆನ್ನಾಗಿಯೇ ಇತ್ತು.

ಆ ಡಿಸ್ಕು ಅಕ್ಕನ ಮಗನ ಜೊತೆ ಮೈಸೂರಿಗೆ ಹೋಯಿತು. ಹಿಂದಿರುಗಿಸಿದ ದಿನಾಂಕದ ಕಲಂ ಖಾಲಿಯಾಗಿಯೇ ಇದೆ. ನಿನ್ನೆ ಫೋನು ಮಾಡಿ ಕೇಳಿದೆ. “ಇದೆ ಚಿಕ್ಕಮ್ಮ, ಇಲ್ಲೇ ಎಲ್ಲೋ ಇದೆ. ಪಕ್ಕದ ಮನೆ ಹುಡುಗ ಆಡ್ತಿದ್ದಾನೆ ಅಂತ ಕಾಣುತ್ತೆ” ಎಂದ.