ಏಣಿಯ ಯಾವ ಮೆಟ್ಟಿಲು?

ಪ್ರತಿ ಮಾರ್ಚ್‌ನಲ್ಲಿ ಪತ್ರಿಕೆಗಳು ಲೋಕದ ಸುಖಿ ದೇಶಗಳ ಪಟ್ಟಿ ಹಾಕುತ್ತವೆ. 2018ರಿಂದ 2025ರವರೆಗೆ ವರ್ಷಾ ವರ್ಷ ಫಿನ್ಲೆಂಡೇ ಮೊದಲು. ನಾವು ನೂರರ ಆಚೆ ಎಲ್ಲೋ. ಪಟ್ಟಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯಲ್ಲಿ ನೀವು ಎಲ್ಲಿ ನಿಂತಿದ್ದೀರಿ? ದೇಶವೊಂದಕ್ಕೆ ಸುಮಾರು ಸಾವಿರ ಜನರನ್ನು ಕೇಳುತ್ತಾರಂತೆ. ಆ ಸಾವಿರದಲ್ಲಿ ನಮ್ಮೂರು ದೇವಸಮುದ್ರದವರು ಒಬ್ಬರೂ ಇರಲಾರರು ಅನ್ನುವುದೇ ನನಗೆ ಕಿರಿಕಿರಿ.

ಊರಿಗೆ ಹೋದಾಗ ನಾನೇ ದೊಡ್ಡಪ್ಪನನ್ನು ಕೇಳಿದೆ.

"ಏಣಿ ಯಾವ ಗೋಡೆಗೆ ಒರಗಿಸ್ಯಾರೆ, ಅದನ್ನ ಹೇಳು ಮೊದಲು" ಎಂದರು. ಆಮೇಲೆ ತಾವೇ, "ಮಳೆ ಆದ ವರ್ಷ ಹತ್ತು. ಆಗದಿದ್ರೆ ಏಣಿನೇ ಮಾರ್ಕಂತೀವಿ."

ಉತ್ತರ ಸರಿಯಾಗಿಯೇ ಇದೆ. ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಹಾಕುವುದೆಂದರೆ ಮೋಡದ ಜೊತೆ ಇಸ್ಪೀಟು ಆಡಿದ ಹಾಗೆ. ಕಾಯಿಲೆಗೆ ಬಳ್ಳಾರಿ, ಕಚೇರಿಗೆ ಚಿತ್ರದುರ್ಗ, ನೆಂಟಸ್ತಿಕೆಗೆ ರಾಯದುರ್ಗ, ಕೋಪ ಬಂದರೆ ತೆಲುಗು. ಇಷ್ಟು ಹಂಚಿಹೋದ ಬದುಕನ್ನು ಒಂದೇ ಅಂಕಿಗೆ ಇಳಿಸು ಎಂದರೆ ಯಾರಿಗಾದರೂ ರೇಗುತ್ತದೆ.

ಕ್ಷೇಮ ವಿಚಾರಿಸುವುದು ಮಾತ್ರ ಈ ಸೀಮೆಗೆ ಬಹಳ ಹಳೆಯದು. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆ ಆಜ್ಞೆ ಶುರುವಾಗುವುದೇ ಅವರ ಆರೋಗ್ಯ ಕೇಳುತ್ತಾ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ಹೇಳಿ ಎಂಬ ಬುದ್ಧಿಮಾತೆಲ್ಲ ಆಮೇಲಿನದು. ಈಗಿನ ಸರ್ಕಾರಿ ಸುತ್ತೋಲೆಗಳು ಇಷ್ಟು ಸೌಜನ್ಯವನ್ನು ಉಳಿಸಿಕೊಂಡಿಲ್ಲ.

ಅದನ್ನು ಬರೆದ ಲಿಪಿಕಾರ ಚಪಡ ನನ್ನನ್ನು ಬಹಳ ಕಾಡಿದವನು. ಶಾಸನ ಬ್ರಾಹ್ಮಿಯಲ್ಲಿದೆ, ಕೊನೆಯಲ್ಲಿ ತನ್ನ ಕಸುಬನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಹೇಳಿಕೊಂಡಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಹಾಗಾಗಿ ಅವನು ವಾಯವ್ಯದಿಂದ ಬಂದವನಿರಬೇಕೆಂದು ವಿದ್ವಾಂಸರ ಊಹೆ. ಇಲ್ಲಿನ ಯಾರಿಗೂ ಓದಲು ಬಾರದ ಅಕ್ಷರದಲ್ಲಿ ಯಾಕಪ್ಪಾ ಬರೆದೆ? ನನಗನ್ನಿಸುವುದು, ಊರಿನ ನೆನಪು ತಡೆಯಲಾಗದೆ. ಕಾದ ಬಂಡೆಯ ಮುಂದೆ ಕೂತು, ಹಿಮದ ನಾಡಿನವನು! ಬಾಯಾಡಿಸಲು ಶೇಂಗಾ ಕೂಡ ಆಗ ಇರಲಿಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು ಎಷ್ಟೋ ಶತಮಾನಗಳ ಮೇಲೆ.

ದೊಡ್ಡಪ್ಪನೂ ಒಮ್ಮೆ ಚಪಡನಾಗಿದ್ದರು. ಮಗ ಬೆಂಗಳೂರಿಗೆ ಕರೆದೊಯ್ದು ಹನ್ನೊಂದನೇ ಮಹಡಿಯಲ್ಲಿಟ್ಟ. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ "ಯಾವೂರಪ್ಪ? ಸಂಬಳ ಎಷ್ಟು ಬರುತ್ತೆ?" ಎಂದು ವಿಚಾರಿಸಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೂರು ದಾಖಲಾಯಿತು. ಮಳೆ ಬಂದರೆ ಬಾಲ್ಕನಿಯಲ್ಲಿ ನಿಂತು, "ಸಿಮೆಂಟಿನ ಮೇಲೆ ಸುರಿದು ಏನು ಬೆಳೆಯುತ್ತೆ?" ಎಂದು ಸಂಕಟಪಡುತ್ತಿದ್ದರು. ಊರಿಗೆ ಫೋನು ಮಾಡಿ, "ನಿಮ್ಕಡೆ ಆತೇನು?" ಎಂದು ಕೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಒಂದು ರಾತ್ರಿ ಹೆಂಡತಿಯನ್ನು ಹೊರಡಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿಯೇಬಿಟ್ಟರು. ಈಗ ಜಗಲಿಯಲ್ಲಿ ಕೂತು ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾರೆ, ಸುಖವಾಗಿದ್ದಾರೆ.

ಈ ಸುಖಕ್ಕೆ ತಿಂಗಳು ತಿಂಗಳು ಹಣ ಬರುವುದು ಆ ಹನ್ನೊಂದನೇ ಮಹಡಿಯಿಂದಲೇ, ಆ ಮಾತು ಬೇರೆ. ಹುಡುಗರೆಲ್ಲ ಹೀಗೆ ದುಡಿಯಲು ಹೊರಗೆ ಹೋಗಿರುವುದರಿಂದ ಜಗಲಿಯ ಮುಂದೆ ಹಾದುಹೋಗುವವರೂ ಕಡಿಮೆಯಾಗಿದ್ದಾರೆ.

ಏಣಿಯ ಪ್ರಶ್ನೆಯನ್ನು ಒಳಗೆ ಹೋಗಿ ದೊಡ್ಡಮ್ಮನಿಗೂ ಹಾಕಿದೆ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲವೇನೋ, ಕೈಯಲ್ಲಿದ್ದ ಮುದ್ದೆಕೋಲು ನಿಂತಿತು.

"ಬೆಂಗಳೂರಾಗೆ ನಲ್ಲಿ ತಿರುವಿದ್ರೆ ನೀರು ಬರ್ತಿತ್ತು ಕಣಪ್ಪಾ. ಕೊಡ ಹೊರೋದಿರಲಿಲ್ಲ, ಸೊಂಟ ನೋಯ್ತಿರಲಿಲ್ಲ. ಪಕ್ಕದ ಮನೆ ತಮಿಳಮ್ಮ ಇಡ್ಲಿ ಕೊಟ್ಟು ಕಳಿಸೋಳು. ನಂಗೇನು, ಎಂಟಾದ್ರೂ ಹಾಕ್ಕ."

"ಇಲ್ಲಿ?"

"ಇಲ್ಲಿ ನಿಮ್ಮ ದೊಡ್ಡಪ್ಪ ಅದಾರಲ್ಲ, ಅವರದೇ ಬರ್ಕೊ."

ಈಗ ದೊಡ್ಡಮ್ಮ ಪ್ರತಿ ಬೇಸಿಗೆ ಒಬ್ಬರೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಮಳೆ ಶುರುವಾದ ಮೇಲೆ, ದೊಡ್ಡಪ್ಪ ಫೋನು ಮಾಡಿದರೆ, ವಾಪಸು ಬರುತ್ತಾರೆ.