ಬಸ್ಕಿಯ ಮರುಪಾಠ

ಬಸ್ಕಿಯೆಂಬುದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಲೆಕ್ಕ ತಪ್ಪಿದಾಗ ಮೇಷ್ಟರ ಎದುರಿಗೂ, ನಡತೆ ತಪ್ಪಿದಾಗ ಗಣಪತಿಯ ಎದುರಿಗೂ ಕಿವಿ ಹಿಡಿದು ಎದ್ದು ಕುಳಿತವರೇ ನಾವೆಲ್ಲರೂ. ಆದುದರಿಂದ ನಲವತ್ತೆಂಟನೆಯ ವಯಸ್ಸಿನಲ್ಲಿ ಹೆಗಲ ಮೇಲೆ ಕಬ್ಬಿಣದ ಸರಳನ್ನು ಹೊತ್ತು ಅದೇ ಬಸ್ಕಿ ಹೊಡೆಯಹೊರಟಾಗ, ಇದರಲ್ಲಿ ಕಲಿಯುವುದೇನಿದೆ ಎಂದು ನಾನು ಭಾವಿಸಿದುದು ಅಪರಾಧವೇನಲ್ಲ. ಅಪರಾಧವಲ್ಲದಿದ್ದರೂ ಶಿಕ್ಷೆ ಮಾತ್ರ ತಪ್ಪಲಿಲ್ಲ.

ನಾನು ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿದುದು ಭೀಮಸೇನನಾಗುವ ಆಸೆಯಿಂದಲ್ಲ. ಎಂಬತ್ತೆರಡು ವರ್ಷದ ನನ್ನ ತಾಯಿಗೆ ಮಂಚದಿಂದ ತಾನಾಗಿ ಏಳಲು ಆಗುತ್ತಿರಲಿಲ್ಲ. ದಿನಕ್ಕೆ ಏಳೆಂಟು ಬಾರಿ ಅವಳನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬೇಕು. ಅದಕ್ಕೆ ಕಾಲಿನಲ್ಲಿ ಕಸುವು ಬೇಕಿತ್ತು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆ ನಡೆಸಿದ ಊರು ನಮ್ಮ ಬೆಂಗಳೂರು. ಅವರ ಕಾದಂಬರಿಗಳನ್ನು ಓದಿದ್ದ ಧೈರ್ಯವೇ ನನಗೆ ಸಾಕೆನಿಸಿತ್ತು!

ಮೂರನೆಯ ವಾರ ಪಕ್ಕದಲ್ಲಿ ಒಬ್ಬ ತರುಣ ನೂರು ಕಿಲೋ ಹೊತ್ತು ಹೂವಿನಂತೆ ಕುಳಿತೆದ್ದ. ನನ್ನ ಸರಳಿನ ತೂಕ 20 ಕಿಲೋ. ಎರಡು ಕಡೆಗೂ ಇಪ್ಪತ್ತಿಪ್ಪತ್ತು ಏರಿಸಿ 60 ಮಾಡಿದೆ. ಕುಳಿತದ್ದೇನೋ ಆಯಿತು. ಏಳುವಾಗ ಹಿಮ್ಮಡಿ ನೆಲ ಬಿಟ್ಟಿತು, ಬೆನ್ನು ಬಿಲ್ಲಿನಂತೆ ಬಾಗಿತು, ಸೊಂಟದಲ್ಲಿ ಯಾರೋ ಬರೆ ಎಳೆದಂತಾಯಿತು.

ವೈದ್ಯರು ಪರೀಕ್ಷಿಸಿ, ಇದು ಸ್ನಾಯುವಿನ ಉಳುಕು ಎಂದರು. ಹಾಸಿಗೆ ಹಿಡಿಯದೆ ಆದಷ್ಟು ನಡೆದಾಡಬೇಕೆಂದೂ, ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಒಂದು ಗಳಿಗೆಯೂ ತಡಮಾಡದೆ ಬರಬೇಕೆಂದೂ ಎಚ್ಚರಿಸಿದರು. ಅಂಥದೇನೂ ಆಗಲಿಲ್ಲ. ಆದರೆ ಮೂರು ವಾರ ಅಮ್ಮನನ್ನು ಎಬ್ಬಿಸುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಿತ್ತು. ಆ ದಿನಗಳಲ್ಲಿ ಅಮ್ಮ ನೀರು ಕೊಟ್ಟಾಗಲೆಲ್ಲ "ಬಾಯಾರಿಲ್ಲಪ್ಪ" ಎನ್ನತೊಡಗಿದಳು. ಸೊಸೆಗೆ ಶ್ರಮವಾಗಬಾರದೆಂದು ಅವಳು ನೀರನ್ನೇ ಬಿಟ್ಟಿದ್ದಳೆಂದು ನಮಗೆ ತಿಳಿದುದು ತಡವಾಗಿ. ನನ್ನ ಒಣಜಂಬದ ದಂಡವನ್ನು ತೆತ್ತವಳು ಅವಳು!

ಬೆನ್ನು ಸರಿಯಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಹಿಂದೊಮ್ಮೆ ಭಾರ ಎತ್ತುವ ಸ್ಪರ್ಧೆಗಳಲ್ಲಿ ಪಾಲ್ಗೊಂಡಿದ್ದ ಹಿರಿಯರೊಬ್ಬರಲ್ಲಿಗೆ ಹೋದೆ. ನನ್ನ ಕಥೆ ಕೇಳಿ ಅವರು, "ಕಬ್ಬಿಣಕ್ಕೆ ನಿಮ್ಮ ವಯಸ್ಸು ಗೊತ್ತಿಲ್ಲ ಸ್ವಾಮಿ, ನಿಮಗಾದರೂ ಗೊತ್ತಿರಬೇಡವೇ?" ಎಂದರು.

ಎರಡು ವಾರ ಅವರು ನನಗೆ ಸರಳನ್ನು ಮುಟ್ಟಗೊಡಲಿಲ್ಲ. ಒಂದು ಬಿದಿರುಕೋಲನ್ನು ಬೆನ್ನಿಗೆ ಹಿಡಿಸಿದರು. ಅದು ತಲೆಯ ಹಿಂಭಾಗ, ಹೆಗಲೆಲುಬುಗಳ ನಡು, ಪೃಷ್ಠದ ಮೇಲ್ಭಾಗ, ಈ ಮೂರು ಕಡೆಯೂ ತಾಗಿರುವಂತೆಯೇ ಸೊಂಟದ ಕೀಲಿನಿಂದ ಬಾಗಬೇಕು. ಕೋಲು ಎಲ್ಲಿ ಬಿಟ್ಟಿತೋ ಅಲ್ಲಿ ಬೆನ್ನು ಬಾಗಿತೆಂದು ಲೆಕ್ಕ. ಆಮೇಲೆ ಹಿಂದೆ ಒಂದು ಕುರ್ಚಿ. ಪಾದಗಳನ್ನು ಹೆಗಲಗಲಕ್ಕೆ ಇಟ್ಟು, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ, ಮಂಡಿಗಳು ಒಳಕ್ಕೆ ವಾಲದೆ ಬೆರಳುಗಳ ದಿಕ್ಕಿಗೇ ಸಾಗುವಂತೆ ಕೂರಬೇಕು. ಹಿಮ್ಮಡಿ ಏಳಕೂಡದು.

"ಬೆನ್ನು ಭಾರ ಎತ್ತುವುದಿಲ್ಲ ಸ್ವಾಮಿ, ಅಲುಗದೆ ನಿಲ್ಲುತ್ತದೆ. ಎತ್ತುವುದು ತೊಡೆ, ಪೃಷ್ಠ" ಎಂಬುದು ಅವರ ಮಂತ್ರ.

ಬಳಿಕ ಬರಿಯ ಸರಳು ಬಂದಿತು. ಅದು ಕತ್ತಿನ ಎಲುಬಿನ ಮೇಲಲ್ಲ, ಹೆಗಲಿನ ಮಾಂಸಖಂಡದ ಮೇಲೆ ಕೂರಬೇಕು, ಪಾದದ ನಡುಭಾಗಕ್ಕೆ ನೇರವಾಗಿ ಇಳಿದೇರಬೇಕು. ಇಳಿಯುವ ಮೊದಲು ಹೊಟ್ಟೆ ತುಂಬ ಉಸಿರು ತುಂಬಿ ಬಿಗಿಹಿಡಿದರೆ ಬೆನ್ನೆಲುಬಿಗೆ ಒಳಗಿನಿಂದಲೇ ಆಸರೆ ದೊರೆಯುತ್ತದೆ. ಆದರೆ ಆಗ ರಕ್ತದೊತ್ತಡ ಏರುವುದರಿಂದ, ಆ ಕಾಯಿಲೆಯವರು ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಕೆಳಗೆ ಸೊಂಟ ಒಳಕ್ಕೆ ಮಡಿಚಿಕೊಳ್ಳತೊಡಗುವ ಮೊದಲೇ ನಿಲ್ಲಬೇಕು, ನೆರೆಯವನ ಆಳ ನಮಗೆ ಅಳತೆಗೋಲಲ್ಲ. ಏಳಲಾರದೆ ಹೋದರೆ ಸರಳು ಕೂರಲೆಂದು ಚೌಕಟ್ಟಿನ ಎರಡು ಪಕ್ಕದ ಅಡ್ಡಕಂಬಿಗಳನ್ನು ನಾವು ಇಳಿಯುವ ಮಟ್ಟಕ್ಕಿಂತ ತುಸು ಕೆಳಗೆ ಮೊದಲೇ ಹೂಡಿರಬೇಕು. ಭಾರ ಏರಿಸುವುದೂ ಎರಡೂವರೆ ಕಿಲೋದಂತೆ, ಹಿಂದಿನದು ತಪ್ಪಿಲ್ಲದೆ ಬಂದ ಮೇಲೆಯೇ.

ಆರು ತಿಂಗಳಿಗೆ ನಾನು ಮತ್ತೆ ಅದೇ 60 ಕಿಲೋ ತಲುಪಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ತರುಣ ನನ್ನತ್ತ ತಿರುಗಿಯೂ ನೋಡಲಿಲ್ಲ. ನನಗೂ ಅವನ ಲೆಕ್ಕ ಬೇಕಿರಲಿಲ್ಲ.

ಆ ಸಂಜೆ ಅಮ್ಮನ ಮಂಚದ ಮುಂದೆ ನಿಂತೆ. ಪಾದ ಅಗಲಿಸಿ, ಮಂಡಿ ಮಡಿಸಿ, ಬೆನ್ನು ಬಾಗಿಸದೆ ಇಳಿದು, ಅವಳನ್ನು ಎದೆಗೆ ಹತ್ತಿರವಾಗಿ ತಬ್ಬಿಕೊಂಡು, ಅವಳೂ ಕಾಲೂರುತ್ತಿದ್ದಂತೆ ಎದ್ದೆ.

"ನಿನಗೆ ನೋವಾಗಲಿಲ್ಲವೇನೋ?" ಎಂದಳು.

"ಇಲ್ಲಮ್ಮ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಬಚ್ಚಲಿನಿಂದ ಹಿಂತಿರುಗಿ ಮಂಚದ ಮೇಲೆ ಕುಳಿತ ಮೇಲೆ ಮೆಲ್ಲನೆ ಹೇಳಿದಳು:

"ಹಾಗಾದರೆ ಒಂದು ಲೋಟ ನೀರು ಕೊಡಪ್ಪ."