ಅದರವ್ವ ಯಾರು?

ಯಾವ ಪ್ರಾಣಿ ತೋರಿಸಿದ್ರೂ ನಮ್ಮ ಮಾವನೋರು ಕೇಳೋದು ಎರಡೇ ಪ್ರಶ್ನೆ. ಅದರಪ್ಪ ಯಾವ್ದು, ಅದರವ್ವ ಯಾವ್ದು. ಬಸವೇಶ್ವರನಗರದ ನಮ್ಮನೆಗೆ ಬಂದು ಎಂಟು ವರ್ಷ ಆದ್ರೂ ಅವರ ಜೀವ ಇರೋದು ಮಾಗಡಿ ಸೀಮೆಯ ಕೊಟ್ಟಿಗೇಲೇ. ಅಲ್ಲಿ ಮೈದುನನ ಸುಪರ್ದಿಯಲ್ಲಿ ಅವರದೊಂದು ಹಳ್ಳಿಕಾರ್ ಬೀಜದ ಹೋರಿ ಇತ್ತು. ಬೆಳಗ್ಗೆ ಕಾಫಿಗೂ ಮುಂಚೆ ಫೋನ್ ಮಾಡಿ ಅದರ ಯೋಗಕ್ಷೇಮ ವಿಚಾರಿಸೋರು. ಮೊಮ್ಮಕ್ಕಳ ಸರದಿ ಆಮೇಲೆ.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಟೀವೀಲಿ ಬರ್ತಿತ್ತಲ್ಲ, ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಹತ್ತಿ ಬೇಲಿ ಹಾರಿಸ್ತಿದ್ರು. ಕುದುರೆ ಸವಾರಿಗೆ ಅಂತ ಭಾರತದಿಂದ ಒಲಿಂಪಿಕ್ಸಿಗೆ ಒಬ್ಬರು ಹೋಗಿದ್ದು 20 ವರ್ಷ ಆದ್ಮೇಲೆ. ಕೊನೆಗೆ 23ನೇ ಸ್ಥಾನ ಬಂತು. ಅದಕ್ಕೂ ಮುಂಚೆ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಕುದುರೆ, ಸೆನ್ಯೂರ್ ಮೆಡಿಕಾಟ್, ಅವರಿಗೆ ಎರಡು ಬೆಳ್ಳಿ ತಂದುಕೊಟ್ಟಿತ್ತು. ಮಾವನೋರು ಕನ್ನಡಕ ಒರೆಸ್ಕೊಂಡು ಮುಂದಕ್ಕೆ ಬಗ್ಗಿದ್ರು. "ಎಷ್ಟು ಮರಿ ಹಾಕ್ಸವ್ರಂತೆ ಇದರಿಂದ?" ಅಂದ್ರು. ನಮ್ಮ ಹುಡುಗ ಮೊಬೈಲಲ್ಲಿ ಹುಡುಕಿ, "ತಾತ, ಇದು ಜರ್ಮನಿಯ ಬವೇರಿಯದ್ದು, ಬೀಜ ಒಡೆಸಿದ್ದಂತೆ" ಅಂದ. ಮಾವನೋರು ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ, "ಹಂಗಾದ್ರೆ ಇದರ ವಂಶ ಇಲ್ಲಿಗೇ ನಿಂತೋಯ್ತಲ್ಲಪ್ಪ" ಅಂದ್ರು.

ಅವರ ಬೇಜಾರು ಕಳೆಯೋಕೆ ಅಂತ ನಮ್ಮ ಹುಡುಗ ಬೀಜ ಒಡೆಸದೇ ಇರೋ ಕುದುರೆ ಕಥೆ ಹುಡುಕಿದ. ಹಾಗೆ ನಮ್ಮನೆ ಹಾಲಿಗೆ ಬಂದಿದ್ದು ಫಾರ್ ಪ್ಲೆಷರ್. 1986ರಲ್ಲಿ ಹುಟ್ಟಿದ ಹ್ಯಾನೋವರ್ ತಳಿ ಗಂಡುಕುದುರೆ. 1996ರ ಅಟ್ಲಾಂಟಾದಲ್ಲಿ ಲಾರ್ಸ್ ನೀಬರ್ಗ್ ಹತ್ತಿದಾಗ ಜರ್ಮನಿ ತಂಡಕ್ಕೆ ಚಿನ್ನ, 2000ದ ಸಿಡ್ನಿಯಲ್ಲಿ ಮಾರ್ಕುಸ್ ಎನಿಂಗ್ ಹತ್ತಿದಾಗಲೂ ಚಿನ್ನ. ಮಾವನೋರಿಗೆ ಚಿನ್ನ ಗಿನ್ನ ಮುಖ್ಯ ಅಲ್ಲ. "ಅಪ್ಪ?" ಅಂದ್ರು. ಎರಡನೇ ಫ್ಯೂರಿಯೋಸೋ, ಫ್ರಾನ್ಸಿಂದ ಬಂದಿದ್ದು. "ಅವ್ವ?" ಗಿಗಾಂಟಿನ್. "ಅವ್ವನ ಅಪ್ಪ?" ಗ್ರಾನುಸ್. ಅಷ್ಟೂ ಬರೆದಿಟ್ಟಿದಾರೆ ಅಂತ ತಿಳಿದು ಅವರಿಗಾದ ಖುಷಿ ನೋಡ್ಬೇಕಿತ್ತು. ಅಪ್ಪನ ಹೆಸರಿನ ಮೊದಲ ಅಕ್ಷರವನ್ನೇ ಮಗನ ಹೆಸರಿಗೂ ಇಡೋ ಪದ್ಧತಿಯಂತೆ ಅಲ್ಲಿ. ನಮ್ಮಲ್ಲಿ ಇನಿಷಿಯಲ್ ಇಡ್ತೀವಲ್ಲ, ಹಾಗೇ.

ಇನ್ನೂ ಚೆನ್ನಾಗಿರೋದು ಸೆಲ್ಲೆ ಅನ್ನೋ ಊರಿನ ಕಥೆ. 1735ರಲ್ಲಿ ಎರಡನೇ ಜಾರ್ಜ್ ಅಲ್ಲೊಂದು ಸರ್ಕಾರಿ ಕುದುರೆ ಲಾಯ ಮಾಡಿಸಿದ. ಇಂಗ್ಲೆಂಡಿನ ರಾಜ, ಹ್ಯಾನೋವರಿಗೂ ಅವನೇ ಒಡೆಯ. ಆ ಲಾಯದ ಗಂಡುಕುದುರೆಗಳನ್ನ ಹಂಗಾಮಿಗೆ ಹಳ್ಳಿ ಹಳ್ಳಿಗೆ ಕಳಿಸೋರಂತೆ, ರೈತರು ತಮ್ಮ ಹೆಣ್ಣುಕುದುರೆ ಹಿಡ್ಕೊಂಡು ಬರೋರಂತೆ. ಉಳುಮೆಗೂ ಗಾಡಿಗೂ ದಂಡಿಗೂ ಅದೇ ತಳಿ. ಟ್ರ್ಯಾಕ್ಟರ್ ಬಂದ್ಮೇಲೆ ಅದನ್ನೇ ಬೇಲಿ ಹಾರೋ ತಳಿಯಾಗಿ ತಿದ್ದಿದ್ರು. "ನಮ್ಮ ಮಹಾರಾಜರು ಬೆಣ್ಣೆ ಚಾವಡಿ ಮಾಡಿದ್ರಲ್ಲ, ಹಂಗೇ" ಅಂದ್ರು ಮಾವನೋರು. ನಿಜ, ಚಿಕ್ಕದೇವರಾಜ ಒಡೆಯರ ಆ ಬೆಣ್ಣೆ ಚಾವಡಿಗೇ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟಿದ್ದು. ಆ ದನಗಳು ಈಗಲೂ ಅಜ್ಜಂಪುರದಲ್ಲಿವೆ. ಆದ್ರೆ ಟ್ರ್ಯಾಕ್ಟರ್ ಬಂದ್ಮೇಲೆ ನಮ್ಮ ಎತ್ತಿಗೆ ಬೇರೆ ಕೆಲಸ ಯಾರೂ ಹುಡುಕಿಕೊಡ್ಲಿಲ್ಲ.

ಕುಣಿಗಲ್ ಫಾರಂ ಕುದುರೆಗಳನ್ನ ಮಾವನೋರು ಬಸ್ಸಿನ ಕಿಟಕಿಯಿಂದ ನೋಡಿದ್ದೋರು. ರೇಸ್ ಕುದುರೆಗೆ ಸೂಜಿ ಹಾಕಿಸಿ ಮರಿ ಪಡೆಯಂಗಿಲ್ಲ, ಗಂಡಿನ ಹತ್ರ ಹೆಣ್ಣನ್ನ ಕರ್ಕೊಂಡೇ ಬರ್ಬೇಕು, ಇಲ್ದಿದ್ರೆ ನೋಂದಣಿನೇ ಆಗಲ್ಲ. ಬೇಲಿ ಹಾರೋ ಕುದುರೆಗೆ ಆ ಕಟ್ಟಿಲ್ಲ. ಬೀಜ ಶೈತ್ಯದಲ್ಲಿಟ್ಟು ದೇಶ ದೇಶಕ್ಕೆ ಕಳಿಸ್ತಾರೆ. 2016ರ ರಿಯೋದಲ್ಲಿ ಫ್ರಾನ್ಸ್ ತಂಡ ಚಿನ್ನ ಗೆದ್ದಾಗ ಪೆನೆಲೋಪ್ ಲೆಪ್ರೆವೋ ಅನ್ನೋ ಹೆಣ್ಣುಮಗಳು ಹತ್ತಿದ್ದ ಫ್ಲೋರಾ ದ ಮರಿಪೋಸಾ, ಬೆಲ್ಜಿಯಂನಲ್ಲಿ ಹುಟ್ಟಿದ ಫಾರ್ ಪ್ಲೆಷರ್ ಮಗಳು. ಅಪ್ಪ ಜರ್ಮನಿಗೆ, ಮಗಳು ಫ್ರಾನ್ಸಿಗೆ.

ಇದಾದ ಎರಡು ತಿಂಗಳಿಗೆ ಮೈದುನನ ಫೋನ್ ಬಂತು. ಹೋರಿ ಮಾರೋಣ ಅಂತ. ಅವನದ್ದೂ ತಪ್ಪಲ್ಲ, ಹಿಂಡಿ ಬೆಲೆ ಗೊತ್ತಲ್ಲ ನಿಮಗೆ. ಊರಲ್ಲಿ ನಾಟಿ ಹಸು ಉಳಿದಿರೋದು ನಾಲ್ಕೋ ಐದೋ, ಮಿಕ್ಕಿದ್ದೆಲ್ಲ ಸೀಮೆ ಹಸು, ಡೈರಿಗೆ ಹಾಲು ಹಾಕ್ಬೇಕಲ್ಲ. ಬೆದೆಗೆ ಬಂದ್ರೆ ಸೂಜಿ ಹಾಕೋನು ಬೈಕಲ್ಲಿ ಬರ್ತಾನೆ. ಹೋರಿಗೇನು ಕೆಲಸ? ಸಿದ್ಧಗಂಗೆ ಜಾತ್ರೆಗೆ ಹೊಡ್ಕೊಂಡು ಹೋಗೋಣ ಅಂದ. ಮಾವನೋರು ಊಟ ಬಿಟ್ಟು ಎದ್ರು. "ಕೊಂಡೋನು ಬೀಜ ಒಡೆಸಿ ಎತ್ತು ಮಾಡ್ಕೊಂಡ್ರೆ?" ಅಂದ್ರು.

ಅದರ ಬೀಜನಾದ್ರೂ ಸರ್ಕಾರದ ಕಡೆಯಿಂದ ತೆಗೆದಿಡಿಸೋಣ ಅಂತ ನಮ್ಮೆಜಮಾನ್ರು ವಿಚಾರಿಸಿದ್ರು. ಅಲ್ಲೂ ಜರ್ಮನಿ ಥರದ್ದೇ ಪ್ರಶ್ನೆ. ರೋಗದ ಪರೀಕ್ಷೆ ಮಾಡಿಸ್ಬೋದು, ಆದ್ರೆ ತಾಯಿ ಹಸುವಿನ ಹಾಲಿನ ದಾಖಲೆ ಎಲ್ಲಿ, ವಂಶದ ದಾಖಲೆ ಎಲ್ಲಿ? ದಾಖಲೆ ಇದ್ದಿದ್ದು ಮಾವನೋರ ಬಾಯಲ್ಲಿ. ನಮ್ಮ ಹುಡುಗ ಅವತ್ತೇ ನೂರು ಪುಟದ ನೋಟ್‌ಬುಕ್ ತಂದ. ತಾತ ಹೇಳ್ತಾ ಹೋದ್ರು, ಅವನು ಬರೀತಾ ಹೋದ. ಹೋರಿಯ ಅವ್ವ ಕೆಂಚಿ, ಅವಳವ್ವ ಗೌರಿ, ಗೌರಿಯವ್ವನ್ನ ನಮ್ಮತ್ತೆ ತವರಿಂದ ಬಳುವಳಿಯಾಗಿ ಹೊಡ್ಕೊಂಡು ಬಂದಿದ್ದು. ಯಾವ ಮಳೇಲಿ ಈದ್ಲು, ಕೊಂಬು ಹೆಂಗೆ ಹಿಂದಕ್ಕೆ ಬಾಗಿತ್ತು, ಎಲ್ಲ. ನಮ್ಮ ಹಾಲಿನ ಗೋಡೇಲಿ ಮನೆತನದ ವಂಶವೃಕ್ಷ ಕಟ್ಟು ಹಾಕ್ಸಿ ನೇತುಹಾಕಿದೀವಿ. ಐದು ತಲೆಮಾರು, ಒಬ್ಬ ಹೆಂಗಸಿನ ಹೆಸರಿಲ್ಲ. ಗೌರಿ ಕೆಂಚಿಯರ ಪುಣ್ಯ ನಮಗೆ ಬರ್ಲಿಲ್ಲ ಅಂತ ಅತ್ತೆಗೆ ಹೇಳ್ದೆ. "ಹಾಲು ಕೊಡೋರ ಹೆಸರು ಮಾತ್ರ ಬರ್ಕೋತಾರೆ ಕಣೇ" ಅಂದ್ರು.

ಜಾತ್ರೆಗೆ ಹೋಗ್ಲಿಲ್ಲ ಹೋರಿ. ಚನ್ನಪಟ್ಟಣದ ಕಡೆಯ ರೈತರೊಬ್ಬರು, ಹನ್ನೊಂದು ನಾಟಿ ಹಸು ಇಟ್ಕೊಂಡಿರೋರು, ಮನೆಗೇ ಬಂದು ನೋಡಿದ್ರು. ಜಾತ್ರೇಲಿ ಸಿಗೋದಕ್ಕಿಂತ ಕಮ್ಮಿ ದುಡ್ಡು. ಎತ್ತು ಮಾಡಲ್ಲ ಅಂತ ಮಾತು ಕೊಟ್ರು. ಲಾರಿ ಹತ್ತಿಸೋವಾಗ ಮಾವನೋರು ನೋಟ್‌ಬುಕ್ಕಿನ ಜೆರಾಕ್ಸ್ ಅವರ ಕೈಗಿಟ್ರು. ಮೂಲ ನಮ್ಮನೆ ಬೀರುವಲ್ಲೇ ಇದೆ, ಸೈಟಿನ ಪತ್ರದ ಜೊತೆ.

ಹೋದ ತಿಂಗಳು ಅವರಿಂದ ಒಂದು ಹೆಣ್ಣುಗರುವಿನ ಫೋಟೋ ಬಂತು. ಹೋರಿ ಥರಾನೇ ಇದೆ ಅಲ್ವಾ ಮಾವ ಅಂದೆ. ಫೋನ್ ಹತ್ರ ಹಿಡಿದು, ದೂರ ಹಿಡಿದು ನೋಡಿದ್ರು. "ಕೊಂಬು ಬರೋಗಂಟ ಏನೂ ಹೇಳಕ್ಕಾಗಲ್ಲ ಕಣಮ್ಮ" ಅಂದು, ನೋಟ್‌ಬುಕ್ ತರೋಕೆ ಹುಡುಗನ್ನ ಕೂಗಿದ್ರು.